ಹುಳು ಮನೆಯ ಚಳಿ ಲೆಕ್ಕ

ನಮ್ಮ ಮನೆ ಹಿಂದೆ ಒಂದು ವರ್ಕ್‌ಶಾಪ್ ಇದೆ. ಅದರಲ್ಲಿ ಲೇತ್ ಇಲ್ಲ, ವೈಸ್ ಇಲ್ಲ. ಕೆಲಸ ಮಾಡೋದು ರೇಷ್ಮೆ ಹುಳುಗಳು. ನಮ್ಮ ಶಿಡ್ಲಘಟ್ಟದ ಕಡೆ ಅದನ್ನ ಹುಳು ಮನೆ ಅಂತಾರೆ. ಅಪ್ಪ ಚಾಕಿ ಕೇಂದ್ರದಿಂದ ಎರಡನೇ ಜ್ವರ ದಾಟಿದ ಹುಳು ತರ್ತಾರೆ. ಅಲ್ಲಿಂದ ಗೂಡು ಕಟ್ಟೋವರೆಗೂ ಮನೆಯವರೆಲ್ಲ ಅದರ ಹಿಂದೇನೇ.

ಈ ಕೆಲಸಗಾರರು ಬಹಳ ನಾಜೂಕು. ಮೂರನೇ ಹಂತದಲ್ಲಿ 26 ಡಿಗ್ರಿ, ನಾಲ್ಕರಲ್ಲಿ 25, ಐದರಲ್ಲಿ 24 ಬೇಕು. ಜೊತೆಗೆ ಶೇ. 70ರಿಂದ 80ರಷ್ಟು ತೇವಾಂಶ. ಚಳಿ ಜಾಸ್ತಿಯಾದ್ರೆ ಹುಳು ಸೊಪ್ಪು ಮುಟ್ಟೋದು ಕಡಿಮೆ, ಹಣ್ಣಾಗೋಕೆ ದಿನ ಜಾಸ್ತಿ. ಚಳಿ, ತೇವ ಎರಡೂ ಸೇರಿದ್ರೆ ಸುಣ್ಣಕಟ್ಟು ರೋಗ ಬರುತ್ತೆ. ಆಗ ಬೆಳೆನೇ ಹೋಯ್ತು. ನಮ್ಮ ಕಾಲೇಜ್ ಫೀಸಿನ ಒಂದು ಪಾಲು ಇದೇ ಗೂಡಿಂದ ಬರೋದು, ಹಾಗಾಗಿ ಥರ್ಮಾಮೀಟರ್ ಕಡೆ ನಮ್ಮ ಕಣ್ಣೂ ಇರುತ್ತೆ.

ಡಿಸೆಂಬರ್ ಬಂದ್ರೆ ಊರಲ್ಲಿ ಎಲ್ಲರೂ ಮಾಡೋದು ಒಂದೇ: ಕಿಟಕಿ ಮುಚ್ಚು, ಸಂದಿಗೆ ಗೋಣಿ ತುರುಕು, ಹೀಟರ್ ಹಾಕು, ಸಾಲದಿದ್ರೆ ಇದ್ದಿಲ ಅಗ್ಗಿಷ್ಟಿಕೆ ಇಡು. ಹೋದ ಚಳಿಗಾಲ ನಮ್ಮಲ್ಲೂ ಹಾಗೇ ಆಯ್ತು. ರಾತ್ರಿ ಸೊಪ್ಪು ಹಾಕೋಕೆ ಅಂತ ಅಜ್ಜಿ ಅಲ್ಲೇ ಮಲಗ್ತಾರೆ. ಎರಡು ದಿನ ಬೆಳಿಗ್ಗೆ ಎದ್ದಾಗ ತಲೆನೋವು, ತಲೆಸುತ್ತು ಅಂದ್ರು. "ಸೀತ ಕಣ್ರೋ, ಕಾಫಿ ಕುಡಿದ್ರೆ ಹೋಗ್ತದೆ" ಅಂತ ಅವರೇ ಸಮಾಧಾನ ಹೇಳಿದ್ರು. ನಮಗೆ ಸಮಾಧಾನ ಆಗ್ಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು ಅದರ ಮೊದಲ ಲಕ್ಷಣ. ಮಲಗಿದವರು ಏಳದೇ ಇರಬಹುದು.

"ಕಿಟಕಿ ತೆಗೀರಿ" ಅಂದ್ವಿ. "ಹುಳ ಚಳಿಗೆ ಸಾಯ್ತಾವೆ" ಅಂದ್ರು ಅಪ್ಪ. ಅಜ್ಜಿನಾ, ಹುಳುನಾ ಅನ್ನೋ ಹಾಗಾಯ್ತು. ಆಗ ಅಣ್ಣ ತಂಗಿ ಇಬ್ಬರೂ ನೋಟ್‌ಬುಕ್ ಹಿಡಿದು ಕೂತ್ವಿ.

ಕೋಣೆ 20 ಅಡಿ ಉದ್ದ, 15 ಅಗಲ, 10 ಎತ್ತರ. ಅಂದ್ರೆ ಸುಮಾರು 85 ಘನ ಮೀಟರ್, ಒಳಗಿನ ಗಾಳಿ ಹತ್ತಿರ ಹತ್ತಿರ 100 ಕೆಜಿ. ಹೊರಗೆ 15 ಡಿಗ್ರಿ, ಒಳಗೆ 25 ಬೇಕು. ಅಷ್ಟು ಗಾಳಿಯನ್ನ 10 ಡಿಗ್ರಿ ಕಾಯಿಸೋಕೆ ಬೇಕಾದ್ದು ಸುಮಾರು 1000 ಕಿಲೋಜೂಲ್. ಕರೆಂಟ್ ಲೆಕ್ಕದಲ್ಲಿ 0.28 ಯೂನಿಟ್, ಅಷ್ಟೇ! ಕೋಣೆಯ ಗಾಳಿ ಗಂಟೆಗೊಂದು ಸಲ ಪೂರ್ತಿ ಬದಲಾದ್ರೂ ನಷ್ಟ 280 ವಾಟ್.

ಹಾಗಾದ್ರೆ 2 ಕಿಲೋವಾಟ್ ಹೀಟರ್ ರಾತ್ರಿಯಿಡೀ 20 ಯೂನಿಟ್ ತಿಂದರೂ ಯಾಕೆ ಸಾಲಲ್ಲ? ಉತ್ತರ ತಲೆ ಮೇಲೇ ಇತ್ತು. ಹಳೇ ಹೆಂಚು ತೆಗೆದು ಹಾಕಿಸಿದ ಶೀಟು. ಬರೀ ಶೀಟಿನ ಛಾವಣಿ ಒಂದು ಡಿಗ್ರಿ ವ್ಯತ್ಯಾಸಕ್ಕೆ, ಚದರ ಮೀಟರಿಗೆ ಸುಮಾರು 7 ವಾಟ್ ಹೊರಗೆ ಬಿಡುತ್ತೆ. ನಮ್ಮದು 28 ಚದರ ಮೀಟರ್, ವ್ಯತ್ಯಾಸ 10 ಡಿಗ್ರಿ. ಗುಣಿಸಿದ್ರೆ 1960 ವಾಟ್. ಒಂದಿಡೀ ಹೀಟರ್ ಆಕಾಶ ಕಾಯಿಸ್ತಿತ್ತು! ಗೋಡೆಯಿಂದಲೂ ಶಾಖ ಹೋಗುತ್ತೆ. ಆದ್ರೆ ಅದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಛಾವಣಿಯ ಅರ್ಧದಷ್ಟೂ ಬಿಡಲ್ಲ.

ನಾವು ಹೆದರಿ ಮುಚ್ಚಿದ್ದು 280 ವಾಟಿನ ಕಿಟಕಿಯನ್ನ, ತೆರೆದಿಟ್ಟಿದ್ದು 2000 ವಾಟಿನ ಛಾವಣಿಯನ್ನ. ಈ ಎರಡು ಸಂಖ್ಯೆ ತೋರಿಸಿದ ಮೇಲೆ ಅಪ್ಪ ಹೆಚ್ಚು ವಾದ ಮಾಡ್ಲಿಲ್ಲ.

ಶೀಟಿನ ಕೆಳಗೆ ಅರ್ಧ ಅಡಿ ಬಿಟ್ಟು ಬಿದಿರು ಗಳ ಕಟ್ಟಿದ್ವಿ. ಗೋಣಿಚೀಲ ಬಿಚ್ಚಿ ಎರಡು ಪದರ ಹೊಲಿದು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ವಿ. ಅಲುಗಾಡದೆ ನಿಂತ ಗಾಳಿ ಒಳ್ಳೇ ಶಾಖ ನಿರೋಧಕ; ಛಾವಣಿಯ ನಷ್ಟ ಅರ್ಧಕ್ಕೆ ಇಳಿದ್ರೂ ನಮಗೆ 1000 ವಾಟ್ ಉಳೀತು. ಹೀಟರ್ ನೆಲದ ಮೇಲೆ, ಗೋಣಿಗೂ ಸೊಪ್ಪಿಗೂ ದೂರ. ಅಗ್ಗಿಷ್ಟಿಕೆ ಅಂಗಳಕ್ಕೆ ಹೋಯ್ತು. ಎದುರು ಬದುರು ಎರಡು ಕಿಟಕಿ ಒಂದೊಂದು ಗೇಣು ತೆರೆದೇ ಇರುತ್ತೆ.

ಇನ್ನೊಂದು ವಿಷಯ ಅಜ್ಜಿಗೆ ಮೊದಲೇ ಗೊತ್ತಿತ್ತು. 15 ಡಿಗ್ರಿಯ ಗಾಳಿಯನ್ನ 25ಕ್ಕೆ ಕಾಯಿಸಿದ್ರೆ ಅದರ ಸಾಪೇಕ್ಷ ತೇವಾಂಶ ಹೆಚ್ಚುಕಮ್ಮಿ ಅರ್ಧ ಆಗುತ್ತೆ, ಸೊಪ್ಪು ಬಾಡುತ್ತೆ. ಅದಕ್ಕೇ ಅವರು ಒದ್ದೆ ಗೋಣಿ ನೇತುಹಾಕೋದು. ಸೈಕ್ರೋಮೆಟ್ರಿಕ್ ಚಾರ್ಟ್ ನಾವು ಇಂಗ್ಲಿಷಲ್ಲಿ ಓದಿದ್ವಿ, ಅವರು ಸೊಪ್ಪು ಮುಟ್ಟಿ ಓದ್ತಿದ್ರು.

ಈ ಜನವರಿಯ ಬೆಳೆಯಲ್ಲಿ ಬೆಳಗಿನ ಜಾವ ಮೂರಕ್ಕೂ ಥರ್ಮಾಮೀಟರ್ 24ರಿಂದ ಕೆಳಗಿಳೀಲಿಲ್ಲ. ನಿಮ್ಮ ಮನೆಯಲ್ಲೂ ಮಗ್ಗವೋ, ಮರಗೆಲಸದ ಶೆಡ್ಡೋ, ಹುಳು ಮನೆಯೋ ಇದ್ರೆ, ಇನ್ನೊಂದು ಹೀಟರ್ ತರೋ ಮುಂಚೆ ಒಂದ್ಸಲ ತಲೆ ಎತ್ತಿ ಛಾವಣಿ ನೋಡಿ. ಒಳಗೆ ಇದ್ದಿಲು ಉರೀತಿದ್ರೆ ಮಾತ್ರ ಲೆಕ್ಕ ಮಾಡ್ತಾ ಕೂರಬೇಡಿ, ಮೊದಲು ಅದನ್ನ ಹೊರಗೆ ಹಾಕಿ.