ಜೋಡಿ ತಪ್ಪಿದ ಓಲೆ

ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದ ಕೊಯಿಲದಲ್ಲಿ, ಜಾನುವಾರು ಸಂವರ್ಧನಾ ಕೇಂದ್ರದ ಹುಲ್ಲುಗಾವಲು ದಾಟಿದ ಮೇಲೆ ಒಂದು ಅಡಿಕೆ ತೋಟದ ಮನೆ. ಆ ಮನೆಯ ಚಾವಡಿಯ ಗೋಡೆಯಲ್ಲಿ ಒಂದು ಕಪ್ಪು ಬಿಳುಪು ಚಿತ್ರ ತೂಗುತ್ತಿದೆ. ಅಜ್ಜ ಕುರ್ಚಿಯಲ್ಲಿ ಕುಳಿತಿದ್ದಾರೆ, ಹೊಸ ಮದುಮಗಳಾದ ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ. ಚಿತ್ರದ ಅಂಚು ಮಳೆಗಾಲದ ತೇವಕ್ಕೆ ಮಾಸಿದೆ. ಅಜ್ಜಿಯ ಕಿವಿಯ ಬೆಂಡೋಲೆ ಮಾತ್ರ ಇಂದಿಗೂ ಸ್ಪಷ್ಟ.

ಈಗ ಎಂಬತ್ತರ ಹೊಸ್ತಿಲಲ್ಲಿರುವ ಅಜ್ಜಿಯ ಕಿವಿ ಬರಿದು. ಉದ್ದಕ್ಕೆ ಜಗ್ಗಿದ ತೂತು ಮಾತ್ರ ಉಳಿದಿದೆ.

"ಬೆಂಡೋಲೆ ಎಲ್ಲಿ ಹೋಯಿತು ಅಜ್ಜಿ?" ಎಂದು ಒಂಬತ್ತನೇ ತರಗತಿಯ ಮೊಮ್ಮಗಳು ಒಂದು ದಿನ ಕೇಳಿದಳು.

"ಅದು ನಿನ್ನ ಅಪ್ಪನ ತಲೆಯೊಳಗೆ ಹೋಯಿತು ಮಗಾ" ಎಂದು ಅಜ್ಜಿ ನಕ್ಕರು.

ಅಪ್ಪ ಪುತ್ತೂರಿಗೆ ಕಾಲೇಜಿಗೆ ಹೋಗುತ್ತಿದ್ದ ವರ್ಷ ತೋಟಕ್ಕೆ ಕೊಳೆರೋಗ ಬಂದಿತ್ತು. ಬೆಂಡೋಲೆ ಅಡವಿಗೆ ಹೋಯಿತು, ಬಿಡಿಸಿಕೊಳ್ಳಲು ಆಗಲಿಲ್ಲ. ಅಜ್ಜಿ ಇದನ್ನು ಹೇಳಿ ನಗಬಲ್ಲರು. ಅಪ್ಪ ಮಾತ್ರ ಆ ಮಾತು ಬಂದಾಗಲೆಲ್ಲ ತೋಟದ ಕಡೆ ಹೋಗಿಬಿಡುತ್ತಾರೆ.

ಹುಡುಗಿಯ ತಲೆಯಲ್ಲಿ ಒಂದು ಯೋಚನೆ ಮೊಳೆಯಿತು. ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಚಿಕ್ಕಮ್ಮನ ಮಗಳ ಬ್ಯಾಗಿನಲ್ಲಿ ಒಂದು ಪುಟ್ಟ ನವಿಲು ತೂಗುತ್ತಿತ್ತು. ಅಂಗೈ ಅಗಲದ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ನವಿಲನ್ನು ಬರೆದು ಓವನ್ನಿನಲ್ಲಿಟ್ಟರೆ ಅದು ಕುಗ್ಗಿ, ದಪ್ಪಗಾಗಿ, ಇಷ್ಟು ಚಿಕ್ಕದಾಗುತ್ತದಂತೆ. ಅದಕ್ಕೆಂದೇ ಮಾರುವ ಹಾಳೆಗೆ 'ಶ್ರಿಂಕ್ ಶೀಟ್' ಎಂದು ಹೆಸರು. ಕೇಕಿನ ಡಬ್ಬಿಯ ಮುಚ್ಚಳದಿಂದಲೂ ಮಾಡಬಹುದು ಎಂದು ಆ ಅಕ್ಕ ಹೇಳಿಹೋಗಿದ್ದಳು. ಹಾಗಾದರೆ ಅಜ್ಜಿಯ ಬೆಂಡೋಲೆಯನ್ನು ಯಾಕೆ ಮಾಡಬಾರದು?

ಅಪ್ಪನಿಗೆ ಸುದ್ದಿ ಮುಟ್ಟಿತು. "ಚಿನ್ನ ಕೊಟ್ಟವರಿಗೆ ಪ್ಲಾಸ್ಟಿಕ್ ಕೊಡುವುದಾ? ಮೊದಲು ಗಣಿತ ನೋಡಿಕೋ" ಅಂದರು. ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದಿತ್ತು. ಅದರಲ್ಲೂ ಅನುಪಾತದ ಲೆಕ್ಕಗಳೆಲ್ಲ ಸೊನ್ನೆ. ಹುಡುಗಿ ಮಾತಾಡಲಿಲ್ಲ. ಅಪ್ಪ ತೋಟಕ್ಕೆ ಇಳಿಯುವುದನ್ನೇ ಕಾದಳು.

ಮೊದಲ ಮುಚ್ಚಳ ಕೈಕೊಟ್ಟಿತು. ಬಿಸಿ ತಾಗಿದ್ದೇ ಬೆಳ್ಳಗಾಗಿ ಮುದ್ದೆಯಾಯಿತು. ತಪ್ಪು ಅವಳದಲ್ಲ, ಮುಚ್ಚಳದ್ದು. ಇಂಥ ಡಬ್ಬಿಗಳ ಮೂಲೆಯಲ್ಲಿ ಒಂದು ತ್ರಿಕೋನ, ಅದರೊಳಗೆ ಒಂದು ಅಂಕಿ ಇರುತ್ತದೆ. 1 ಎಂದಿದ್ದರೆ ಅದು ನೀರಿನ ಬಾಟಲಿಯ ಜಾತಿ, ಈ ಕೆಲಸಕ್ಕೆ ಬಾರದು. 3 ಎಂದಿದ್ದರೆ ಪಿವಿಸಿ. ಅದನ್ನು ಅತಿಯಾಗಿ ಕಾಯಿಸಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಬರುವುದರಿಂದ ಹತ್ತಿರಕ್ಕೂ ತರಬಾರದು. ಬೇಕಾದದ್ದು 6, ಅಂದರೆ ಪಾಲಿಸ್ಟೈರೀನ್. ಬಗ್ಗಿಸಿದರೆ ಚಟಚಟ ಎನ್ನುವ, ಬೇಗ ಸೀಳುವ, ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ ಅದು. ಥರ್ಮಕೋಲ್ ಕೂಡ ಪಾಲಿಸ್ಟೈರೀನೇ, ಆದರೆ ಅದು ಗಾಳಿ ತುಂಬಿದ ನೊರೆ. ಈ ಕೆಲಸಕ್ಕಾಗದು.

6ರ ಅಂಕಿಯ ಮುಚ್ಚಳ ಕುಗ್ಗುವುದೇಕೆ? ಅದರ ಅಣುಗಳು ಉದ್ದುದ್ದ ಸರಪಣಿಗಳು. ಕಾರ್ಖಾನೆಯಲ್ಲಿ ಹಾಳೆಯನ್ನು ಬಿಸಿಯಾಗಿದ್ದಾಗಲೇ ಎಳೆದು ಹಿಗ್ಗಿಸಿ, ಎಳೆತ ಸಡಿಲುವ ಮೊದಲೇ ತಣಿಸುತ್ತಾರೆ. ಎಳೆದ ರಬ್ಬರಿನ ತುಂಡನ್ನು ಎಳೆದಂತೆಯೇ ಹೆಪ್ಪುಗಟ್ಟಿಸಿದ ಹಾಗೆ. ಶಾಖ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಸರಪಣಿಗಳಿಗೆ ಹೊರಳಾಡಲು ಬಿಡುವು ಸಿಗುತ್ತದೆ, ಮೊದಲಿನಂತೆ ಮುದುಡಿಕೊಳ್ಳುತ್ತವೆ. ಉದ್ದ ಅಗಲ ಕಳೆದುಕೊಂಡ ಹಾಳೆ ಅದನ್ನೆಲ್ಲ ದಪ್ಪದಲ್ಲಿ ಗಳಿಸಿಕೊಳ್ಳುತ್ತದೆ. ಘನಗಾತ್ರ ಇದ್ದಷ್ಟೇ ಇರುತ್ತದೆ.

ಈ ಆಟಕ್ಕೆ ಐವತ್ತು ವರ್ಷ ದಾಟಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬ್ರೂಕ್‌ಫೀಲ್ಡ್ ಎಂಬಲ್ಲಿ ಬೆಟ್ಟಿ ಮಾರಿಸ್ ಮತ್ತು ಕ್ಯಾಥ್ರಿನ್ ಬ್ಲೂಮ್‌ಬರ್ಗ್ ಎಂಬ ಇಬ್ಬರು ತಾಯಂದಿರು ಸ್ಕೌಟ್ ಮಕ್ಕಳ ಕೈಕೆಲಸಕ್ಕೆಂದು 1973ರಲ್ಲಿ ಇದನ್ನು ಹಿಡಿದುಕೊಂಡರು. ಮುಂದೆ ಅದೇ 'ಶ್ರಿಂಕಿ ಡಿಂಕ್ಸ್' ಎಂಬ ಆಟಿಕೆಯಾಯಿತು. ಆ ಆಟಿಕೆಯಲ್ಲಿ ಆಡಿ ಬೆಳೆದ ಮಿಶೆಲ್ ಖೈನ್ ಎಂಬ ವಿಜ್ಞಾನಿಗೆ ಕ್ಯಾಲಿಫೋರ್ನಿಯಾದ ಮರ್ಸೆಡ್ ವಿಶ್ವವಿದ್ಯಾಲಯದಲ್ಲಿ ಕೂದಲೆಳೆಯಂಥ ಸಣ್ಣ ಕಾಲುವೆಗಳ ಅಚ್ಚು ಬೇಕಾಗಿತ್ತು. ದುಬಾರಿ ಯಂತ್ರಗಳು ಇರಲಿಲ್ಲ. ಆಕೆ ಹಾಳೆಯ ಮೇಲೆ ಲೇಸರ್ ಪ್ರಿಂಟರಿನಿಂದ ಗೆರೆ ಅಚ್ಚಿಸಿ, ಪುಟ್ಟ ಓವನ್ನಿನಲ್ಲಿ ಕುಗ್ಗಿಸಿದರು. ಉಬ್ಬಿನಿಂತ ಶಾಯಿಯೇ ಅಚ್ಚಾಯಿತು. 2008ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಕ್ಕಳ ಆಟವನ್ನು ಹಗುರವಾಗಿ ಕಾಣಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊಯಿಲದ ಮನೆಯಲ್ಲೂ ಚಿಕ್ಕಮ್ಮ ಬಿಟ್ಟುಹೋದ ಹಳೆಯ ಸಣ್ಣ ಓವನ್ ಒಂದಿತ್ತು. "ಇನ್ನು ಇದರಲ್ಲಿ ತಿನ್ನುವ ವಸ್ತು ಇಡುವ ಹಾಗಿಲ್ಲ" ಎಂಬ ಕರಾರಿನ ಮೇಲೆ ಅಮ್ಮ ಅದನ್ನು ಗಾಳಿಯಾಡುವ ಜಗಲಿಗೆ ತಂದಿಟ್ಟರು. ಮಗಳೊಬ್ಬಳೇ ಅದನ್ನು ಮುಟ್ಟಬಾರದು ಎಂಬುದು ಎರಡನೆಯ ಕರಾರು. ಎರಡೂ ಸರಿಯಾದವೇ. ಶಾಖ 160 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು, ಹೆಚ್ಚಾಗಿ ಹೊಗೆಯೆದ್ದರೆ ಆ ಹೊಗೆ ಆರೋಗ್ಯಕ್ಕೆ ಒಳ್ಳೆಯದಲ್ಲ.

ಬೆಂಡೋಲೆಯ ಅಳತೆ ಎಷ್ಟು? "ಪಾವಲಿಯಷ್ಟು ಇತ್ತು. ನಡುವೆ ಒಂದು ಕೆಂಪು ಕಲ್ಲು, ಸುತ್ತ ಎಂಟು ಬಿಳಿ" ಎಂದು ಅಜ್ಜಿ ನೆನಪಿನಿಂದ ಹೇಳಿದರು. 2011ರ ಜೂನ್ ಕೊನೆಗೆ ಚಲಾವಣೆ ಕಳೆದುಕೊಂಡ ಇಪ್ಪತ್ತೈದು ಪೈಸೆಯ ಪಾವಲಿ ದೇವರ ಕೋಣೆಯ ಡಬ್ಬಿಯಲ್ಲಿ ಸಿಕ್ಕಿತು. ಅಡ್ಡಳತೆ 19 ಮಿಲಿಮೀಟರ್, ಹತ್ತಿರ ಹತ್ತಿರ ಎರಡು ಸೆಂಟಿಮೀಟರ್.

ಹುಡುಗಿ ಮುಚ್ಚಳವನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದಳು. ಹಾಗೆ ಉಜ್ಜಿದರೆ ಬಣ್ಣದ ಪೆನ್ಸಿಲ್ ಹಿಡಿಯುತ್ತದೆ. ಐದು ಸೆಂಟಿಮೀಟರಿನ ಎರಡು ವೃತ್ತ ಎಳೆದು, ಕಲ್ಲುಗಳನ್ನು ಬರೆದು, ಬಣ್ಣವನ್ನು ತೆಳುವಾಗಿ ಹಚ್ಚಿದಳು. ಕುಗ್ಗಿದಾಗ ಬಣ್ಣ ತಾನಾಗಿ ಗಾಢವಾಗುತ್ತದೆ. ಕೊಕ್ಕೆಯ ತೂತನ್ನೂ ಕಾಗದದ ಪಂಚಿನಿಂದ ಮೊದಲೇ ಹೊಡೆದಳು. ಬೆಂದ ಮೇಲೆ ಅದು ಪಂಚಿಗೆ ಬಗ್ಗುವುದಿಲ್ಲ. ಮುಚ್ಚಳದಲ್ಲಿ ಜಾಗ ಉಳಿಯಲೆಂದು ಎರಡನೆಯ ವೃತ್ತವನ್ನು ಅಡ್ಡಕ್ಕೆ ತಿರುಗಿಸಿ ಬರೆದಿದ್ದಳು.

ಓವನ್ನಿನ ಬಾಗಿಲಿನಿಂದ ನೋಡುತ್ತಿದ್ದಂತೆ ಎರಡೂ ಕೆಂಡದ ಮೇಲಿನ ಹಲಸಿನ ಹಪ್ಪಳದ ಹಾಗೆ ಮುರುಟಿದವು. "ಹೋಯಿತು, ತೆಗಿ ತೆಗಿ" ಎಂದು ಅಮ್ಮ ಗಡಿಬಿಡಿ ಮಾಡಿದರು. ಇನ್ನೊಂದು ಗಳಿಗೆ ತಡೆದಾಗ ಮುರುಟಿದ್ದು ತಾನಾಗಿಯೇ ಬಿಚ್ಚಿಕೊಂಡು ಮಲಗಿತು. ಹೊರಗೆ ತೆಗೆದು ಮಣೆಯಿಂದ ಒತ್ತಿದ್ದೂ ಆಯಿತು. ಆದರೆ ಜೋಡಿ? ಒಂದು ಉದ್ದ ಮೋರೆಯದು, ಇನ್ನೊಂದು ಅಗಲ ಮೋರೆಯದು. ಒಂದೇ ವೃತ್ತದಿಂದ ಹುಟ್ಟಿದ ಎರಡು ಬೇರೆ ಬೇರೆ ಮೊಟ್ಟೆಗಳು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅಮ್ಮ ಅವನ್ನು ಬಚ್ಚಲ ಒಲೆಗೆ ಹಾಕಲು ಹೊರಟಾಗ ಮಾತ್ರ ಅವಳು ತಡೆದಳು. ತಡೆದದ್ದೇ ಒಳ್ಳೆಯದಾಯಿತು. ಪ್ಲಾಸ್ಟಿಕ್ಕನ್ನು ಒಲೆಗೆ ಹಾಕುವ ಅಭ್ಯಾಸ ಯಾವ ಮನೆಗೂ ಬೇಡ.

ಅಪ್ಪ ತೋಟದಿಂದ ಬಂದವರು ಜಗಲಿಯಲ್ಲೇ ನಿಂತರು. ಎರಡು ಬಿಲ್ಲೆಗಳನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. "ಎರಡನ್ನೂ ಒಂದೇ ಕಡೆಗೆ ತಿರುಗಿಸಿ ಕತ್ತರಿಸಿದ್ದೀಯಾ?" ಎಂದಷ್ಟೇ ಕೇಳಿ ಕೈಕಾಲು ತೊಳೆಯಲು ಹೋದರು.

ಆ ಒಂದು ಪ್ರಶ್ನೆ ಸಾಕಾಯಿತು. ಉಳಿದ ಮುಚ್ಚಳದಲ್ಲಿ ಹುಡುಗಿ ಹತ್ತು ಸೆಂಟಿಮೀಟರಿನ ಒಂದು ಚೌಕ ಕತ್ತರಿಸಿ, ಉದ್ದಕ್ಕೆ ಒಂದು ಬಾಣದ ಗುರುತು ಹಾಕಿ ಬೇಯಿಸಿದಳು. ಬಾಣದ ದಿಕ್ಕಿನಲ್ಲಿ ನಾಲ್ಕು ಸೆಂಟಿಮೀಟರ್, ಅಡ್ಡಕ್ಕೆ ಐದು. ಅಂದರೆ ಈ ಹಾಳೆಯನ್ನು ಎರಡು ಕಡೆಗೂ ಒಂದೇ ಸಮನೆ ಎಳೆದಿರಲಿಲ್ಲ. ನೂರು ಚದರ ಸೆಂಟಿಮೀಟರ್ ಇದ್ದದ್ದು ಇಪ್ಪತ್ತಾಗಿತ್ತು, ದಪ್ಪ ಐದು ಪಟ್ಟಾಗಿತ್ತು. ಹಾಗಿದ್ದರೆ ಎರಡು ಸೆಂಟಿಮೀಟರಿನ ದುಂಡು ಬಿಲ್ಲೆ ಬೇಕಾದರೆ ಎಷ್ಟಕ್ಕೆ ಎಳೆಯಬೇಕು? ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಸಾಗಿತು. ಬಾಣದ ದಿಕ್ಕಿನಲ್ಲಿ ಎರಡನ್ನು 0.4ರಿಂದ ಭಾಗಿಸಿದರೆ ಐದು. ಅಡ್ಡಕ್ಕೆ 0.5ರಿಂದ ಭಾಗಿಸಿದರೆ ನಾಲ್ಕು. ದುಂಡನೆಯದು ಬೇಕಾದರೆ ಮೊಟ್ಟೆಯಾಕಾರ ಬರೆಯಬೇಕು! ಪರೀಕ್ಷೆಯ ಹಾಳೆಯಲ್ಲಿ ಸೊನ್ನೆ ತಂದಿದ್ದ ಅನುಪಾತ ಈಗ ಅವಳ ಕೈಯಲ್ಲಿ ಕತ್ತರಿ ಹಿಡಿದು ಕುಳಿತಿತ್ತು. ಬೇರೆ ಮುಚ್ಚಳಕ್ಕೆ ಈ ಲೆಕ್ಕ ನಡೆಯದು, ಪ್ರತಿಯೊಂದಕ್ಕೂ ಹೊಸದಾಗಿ ಪರೀಕ್ಷೆ ಮಾಡಬೇಕು ಎನ್ನುವುದೂ ಅವಳಿಗೆ ತಾನಾಗಿ ಹೊಳೆಯಿತು.

ಎರಡನೆಯ ಜೋಡಿ ಪಾವಲಿಯ ಪಕ್ಕದಲ್ಲಿಟ್ಟರೆ ಪಾವಲಿಗೇ ನಾಚಿಕೆಯಾಗಬೇಕು, ಅಷ್ಟು ದುಂಡಗೆ ಬಂತು. ಅಮ್ಮ ತಮ್ಮ ಹಳೆಯ ಬೆಳ್ಳಿಯ ಕೊಕ್ಕೆಗಳನ್ನು ಕೊಟ್ಟರು. ಅಜ್ಜಿಯ ಜಗ್ಗಿದ ತೂತಿನಿಂದ ಅವು ಜಾರದಂತೆ ಇಕ್ಕಳದಿಂದ ಬಗ್ಗಿಸಿಕೊಟ್ಟವರು ಅಪ್ಪ. ಯಾರೂ ಅವರನ್ನು ಕರೆದಿರಲಿಲ್ಲ.

ಅಜ್ಜಿ ಮೊದಲು ಅವನ್ನು ಅಂಗೈಯಲ್ಲಿಟ್ಟು ತೂಗಿನೋಡಿದರು. "ಭಾರವೇ ಇಲ್ಲವಲ್ಲಾ!"

ಭಾರ ಎಲ್ಲಿಂದ ಬರಬೇಕು? ಪಾಲಿಸ್ಟೈರೀನ್ ನೀರಿಗಿಂತ ತುಸುವೇ ಭಾರ, ಚಿನ್ನವೋ ನೀರಿನ ಹತ್ತೊಂಬತ್ತು ಪಟ್ಟು. ಅಂಗೈಯಲ್ಲಿದ್ದ ಒಂದೊಂದು ಬಿಲ್ಲೆಯೂ ಅರ್ಧ ಗ್ರಾಮಿನಷ್ಟು. ಅದೇ ಗಾತ್ರದ ಗಟ್ಟಿ ಚಿನ್ನವಾದರೆ ಒಂಬತ್ತು ಗ್ರಾಂ, ಒಂದು ಪವನಿಗೂ ಮೇಲೆ.

ಅಪ್ಪ ತಲೆ ತಗ್ಗಿಸಿದ್ದನ್ನು ಅಜ್ಜಿ ಕಂಡರು. "ಒಳ್ಳೆಯದೇ ಆಯಿತು ಮಗಾ. ಈ ಕಿವಿ ಇನ್ನು ಭಾರ ತಾಳುತ್ತದಾ?" ಅಂದರು. ಮೊಮ್ಮಗಳಿಗೆ ಹೇಳಿದ ಹಾಗಿತ್ತು, ಆದರೆ ನೋಡಿದ್ದು ಮಗನ ಕಡೆಗೆ. ಆ ದಿನ ಅಪ್ಪ ತೋಟದ ಕಡೆ ಹೋಗಲಿಲ್ಲ. ಚಾವಡಿಯಲ್ಲೇ ಕುಳಿತು, ಬೆಂಡೋಲೆ ಅಡವಿಗೆ ಹೋದ ದಿನದ ಕಥೆಯನ್ನು ಮಗಳಿಗೆ ಮೊದಲ ಬಾರಿ ತಾವೇ ಹೇಳಿದರು.

ಜೋಡಿ ತಪ್ಪಿದ ಮೊದಲಿನ ಎರಡು ಬಿಲ್ಲೆಗಳನ್ನು ಹುಡುಗಿ ಎಸೆಯಲಿಲ್ಲ. ದಪ್ಪ ಕಾಗದವನ್ನು ಮಡಚಿ, ಮುಖಪುಟದಲ್ಲಿ ಅವೆರಡನ್ನೂ ಹೂವಿನಂತೆ ಅಂಟಿಸಿ, ಹಸಿರು ಪೆನ್ಸಿಲಿನಲ್ಲಿ ತೊಟ್ಟು ಎಳೆದು, ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೊಂದು ಶುಭಾಶಯ ಪತ್ರ ಮಾಡಿದಳು. ಉದ್ದ ಮೋರೆಯದು ಮೊಗ್ಗು, ಅಗಲ ಮೋರೆಯದು ಅರಳಿದ ಹೂ.

ಅಜ್ಜಿ ಕನ್ನಡಕ ಏರಿಸಿ ನೋಡಿ ಅಂದರು: "ಕಿವಿಗೆ ಆಗದ್ದು ಕಾಗದಕ್ಕೆ ಆಯಿತು. ಅದಕ್ಕೂ ಓಲೆ ಅಂತಲೇ ಹೇಳುವುದಲ್ಲವಾ?"

ಕಿವಿಗೆ ಇಟ್ಟದ್ದೂ ಓಲೆ, ಬರೆದು ಕಳಿಸಿದ್ದೂ ಓಲೆ. ಎರಡಕ್ಕೂ ಮೂಲ ತಾಳೆಯ ಗರಿಯೇ. ರಾತ್ರಿ ಮಲಗುವ ಮೊದಲು ಅಜ್ಜಿ ಕಿವಿಯದನ್ನು ಬಿಚ್ಚಿ, ವರ್ಷಗಳಿಂದ ಬರಿದಾಗಿದ್ದ ಹಳೆಯ ಬೆಂಡೋಲೆಯ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟರು. ಕಾಗದದ ಓಲೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡರು.