ಸುರುಳಿಯ ತೂಕ

ವೈರಿನ ಅಂಗಡಿಗೆ ಸೇರಿದವನಿಗೆ ಮೊದಲು ಕಲಿಸುವುದು ಅಳತೆ. 1994ರಲ್ಲಿ ದುಬೈಯ ದೇರಾದಲ್ಲಿ, ನಾಸರ್ ಸ್ಕ್ವೇರಿನ ಹಿಂದಿನ ಗಲ್ಲಿಯ ಒಂದು ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಾನು ಕೆಲಸಕ್ಕೆ ನಿಂತಾಗ, ಗಲ್ಲಾದ ಪಕ್ಕದ ಮರದ ಕಟ್ಟೆಗೆ ಎರಡು ಹಿತ್ತಾಳೆ ಮೊಳೆ ಬಡಿದಿದ್ದರು. ನಡುವೆ ಸರಿಯಾಗಿ ಒಂದು ಮೀಟರು. ವೈರನ್ನು ಜಗ್ಗಿ ಅಳೆದರೆ ಗಿರಾಕಿಗೆ ನಷ್ಟ, ಜೋಲು ಬಿಟ್ಟರೆ ಸೇಟಿಗೆ ನಷ್ಟ. "ಎರಡೂ ಆಗಬಾರದು. ಆಗಲೇಬೇಕೆಂದಿದ್ದರೆ ಜಗ್ಗಿದ್ದು ಆಗಲಿ" ಎಂದು ಸೇಟು ನಗುತ್ತಿದ್ದರು.

ಆಗ ಸ್ಪೀಕರ್ ವೈರಿನ ಹೆಸರು ಕೇಳಿದವರನ್ನು ನಾನು ಕಾಣೆ. ಕೆಂಪು-ಕಪ್ಪು ವೈರು ಹತ್ತು ಮೀಟರ್, ಅಷ್ಟೆ. ಎರಡು ಕ್ಯಾಸೆಟ್ ಹಾಕುವ ದೊಡ್ಡ ಸೆಟ್ ಕೊಂಡರೆ ವೈರು ಪುಕ್ಕಟೆ. ಕುಂದಾಪುರ, ಭಟ್ಕಳ, ಕಾಸರಗೋಡಿನ ಹುಡುಗರು ರಜೆಗೆ ಊರಿಗೆ ಹೊರಡುವ ಮುನ್ನಾದಿನ ಬರುತ್ತಿದ್ದರು. ಮಂಗಳೂರಿನ ಬಜಪೆ ನಿಲ್ದಾಣಕ್ಕೆ ದುಬೈಯಿಂದ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಯವರೆಗೆ ಹೆಚ್ಚಿನವರದು ಬೊಂಬಾಯಿ ದಾರಿ. ಹಾಗಾಗಿ ಪೆಟ್ಟಿಗೆಗೆ ನೈಲಾನ್ ಹಗ್ಗ ಬಿಗಿಯುವುದೂ ನಮ್ಮದೇ ಕೆಲಸ. ಸೆಟ್ ಚಾಲೂ ಮಾಡಿ ತೋರಿಸಲು ಕೌಂಟರಿನ ಕೆಳಗೆ ಎರಡು ಕ್ಯಾಸೆಟ್ ಇದ್ದವು: ಒಂದು ಹಿಂದಿ ಸಿನಿಮಾದ್ದು, ಇನ್ನೊಂದು ಭಾಗವತ ಕಾಳಿಂಗ ನಾವಡರ ಯಕ್ಷಗಾನದ್ದು. ನಮ್ಮ ಕಡೆಯವರು ಬಂದರೆ ಎರಡನೆಯದು. ಏರು ಪದ್ಯಕ್ಕೆ ಚಂಡೆ ಬಿದ್ದಾಗ ಸ್ಪೀಕರ್ ಒಡೆಯದಿದ್ದರೆ ವ್ಯಾಪಾರ ಮುಗಿಯಿತು.

ತೊಂಬತ್ತರ ದಶಕದ ಕೊನೆಗೆ ಡಿವಿಡಿ ಬಂತು, ಹಿಂದೆಯೇ ಹೋಮ್ ಥಿಯೇಟರ್. ಐದು ಸ್ಪೀಕರು, ಒಂದು ಬಾಸ್ ಪೆಟ್ಟಿಗೆ, ಮನೆಯ ಸುತ್ತ ವೈರೋ ವೈರು. ಅಂಗಡಿಯ ಗಾಜಿನ ಕಪಾಟಿನಲ್ಲಿ ವಾಚುಗಳಿದ್ದ ಜಾಗಕ್ಕೆ ಕೇಬಲ್ಲುಗಳು ಬಂದು ಕೂತವು. ವೈರು ಹೋಗಿ ‘ಕೇಬಲ್’ ಆದದ್ದು ಆಗಲೇ. ಮಾನ್‌ಸ್ಟರ್, ಆಡಿಯೋಕ್ವೆಸ್ಟ್, ಕಿಂಬರ್, ಕ್ಯೂಇಡಿ ಎಂಬ ಹೆಸರುಗಳು ನಮ್ಮ ಬಾಯಿಗೆ ಹತ್ತಿದವು. ಈ ದಂಧೆಗೆ ದಾರಿ ಹಾಕಿದವರಲ್ಲಿ ಮುಖ್ಯ ಹೆಸರು ಮಾನ್‌ಸ್ಟರ್ ಕಟ್ಟಿದ ಕ್ಯಾಲಿಫೋರ್ನಿಯಾದ ನೋಯೆಲ್ ಲೀ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಅಂಗಡಿಯವರಿಗೆ ತೋರಿಸಿಕೊಟ್ಟದ್ದು ಇಷ್ಟೇ: ಆಂಪ್ಲಿಫೈಯರಿನ ಬೆಲೆ ಗಿರಾಕಿಗೆ ಗೊತ್ತು, ಪಕ್ಕದ ಅಂಗಡಿಯಲ್ಲಿ ಕೇಳಿಯೇ ಬಂದಿರುತ್ತಾನೆ, ವೈರಿನ ಬೆಲೆ ಯಾರಿಗೂ ಗೊತ್ತಿಲ್ಲ. ನಮ್ಮಲ್ಲೂ ಲೆಕ್ಕ ಹಾಗೆಯೇ ಇತ್ತು. ಸೆಟ್ಟಿನಲ್ಲಿ ಚಹಾದ ಕಾಸು, ಕೇಬಲ್ಲಿನಲ್ಲಿ ಬಾಡಿಗೆ. ನಾನೂ ಬಿಳಿ ಶರ್ಟು ಹಾಕಿ, ಬಟ್ಟೆ ಸುತ್ತಿದ ಕೇಬಲ್ಲನ್ನು ಎರಡೂ ಅಂಗೈ ಮೇಲಿಟ್ಟು, ನಾಗರಹಾವಿನ ಮರಿಯನ್ನು ತೋರಿಸುವಂತೆ ತೋರಿಸಿದ್ದೇನೆ. ‘ಧ್ವನಿ ಬಿಚ್ಚಿಕೊಳ್ಳುತ್ತದೆ ಸಾರ್’ ಅಂದಿದ್ದೇನೆ. ಆ ಮಾತಿಗೆ ಏನರ್ಥವೆಂದು ಯಾರಾದರೂ ತಿರುಗಿ ಕೇಳಿದ್ದರೆ ತೊದಲುತ್ತಿದ್ದೆ.

2009ರಲ್ಲಿ ಬಾಡಿಗೆ ಇಳಿದಾಗ ಡಿಸ್ಕವರಿ ಗಾರ್ಡನ್ಸಿಗೆ ಬಂದೆವು. ನಖೀಲ್ ಕಂಪನಿ ಕಟ್ಟಿಸಿದ ತಗ್ಗು ಕಟ್ಟಡಗಳ ದೊಡ್ಡ ಬಡಾವಣೆ. ಜೆನ್, ಮೆಡಿಟರೇನಿಯನ್, ಮೊಗಲ್ ಎಂದು ಕೇರಿಗೊಂದು ಹೆಸರು. ಪಕ್ಕದಲ್ಲಿ ಇಬ್ನ್ ಬತೂತಾ ಮಾಲ್. ಆ ಹೆಸರಿನ ಪ್ರವಾಸಿ ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ಕಂಡು ಹೋದವನು ಎಂದು ಊರಿನಿಂದ ಬಂದವರಿಗೆಲ್ಲ ನಾನು ಹೇಳುತ್ತೇನೆ, ಯಾರೂ ಅಷ್ಟಾಗಿ ಕಿವಿಗೊಡುವುದಿಲ್ಲ. ಮನೆಗಳು ಸಣ್ಣವು: ನೆಲಕ್ಕೆ ಟೈಲ್ಸು, ಬೋಳು ಗೋಡೆ, ತಲೆಯ ಮೇಲೆ ಎಸಿ ಡಕ್ಟಿನ ಸುಯ್‌ಗುಡುವಿಕೆ. ಚಪ್ಪಾಳೆ ತಟ್ಟಿದರೆ ಕೋಣೆ ಮರು ತಟ್ಟುತ್ತಿತ್ತು.

ಆಚೆ ಜೆಬೆಲ್ ಅಲಿಯಲ್ಲಿ ಎರಡು ಕಾರ್ಖಾನೆಗಳಿವೆ. ಒಂದು ತಾಮ್ರದ ವಿದ್ಯುತ್ ಕೇಬಲ್ ಮಾಡುವ ಡುಕ್ಯಾಬ್, ಇನ್ನೊಂದು ಅಲ್ಯೂಮಿನಿಯಂ ಕರಗಿಸುವ, ನಾವೆಲ್ಲ ಡುಬಾಲ್ ಎನ್ನುತ್ತಿದ್ದ ಸ್ಥಾವರ. ಎರಡೂ 1979ರವು. ನನ್ನ ಕಸುಬಿನ ಅರ್ಧ ಕಥೆ ಈ ಎರಡು ಲೋಹಗಳ ನಡುವಿನದು.

2003ರಲ್ಲಿ ಲಂಡನ್ ಪೇಟೆಯಲ್ಲಿ ಟನ್ ತಾಮ್ರಕ್ಕೆ ಎರಡು ಸಾವಿರ ಡಾಲರಿನ ಆಸುಪಾಸು ಇದ್ದದ್ದು 2006ರ ಮೇ ತಿಂಗಳಿಗೆ ಎಂಟು ಸಾವಿರ ದಾಟಿತು. ಅಗ್ಗದ ಕೇಬಲ್ ಮಾಡುವವರು ತಾಮ್ರ ಬಿಟ್ಟರು. ಒಳಗೆ ಅಲ್ಯೂಮಿನಿಯಂ ಎಳೆ, ಮೇಲೆ ತಾಮ್ರದ ತೆಳು ಲೇಪ. ಪೇಟೆಯ ಭಾಷೆಯಲ್ಲಿ ಸಿಸಿಎ. ನೋಡಲು ಅದೇ ಹೊಂಬಣ್ಣ, ಮೇಲೆ ಅದೇ ಪಾರದರ್ಶಕ ಪ್ಲಾಸ್ಟಿಕ್ಕು, ಸುರುಳಿಯ ಮೇಲೆ ಮಾತ್ರ ‘ಆಮ್ಲಜನಕರಹಿತ ತಾಮ್ರ’ ಎಂಬ ಅಚ್ಚು.

ನಾನು ಮೋಸಹೋದದ್ದು, ಮೋಸಮಾಡಿದ್ದು ಎರಡೂ ಒಂದೇ ಸುರುಳಿಯಲ್ಲಿ. ನಮ್ಮದೇ ಕಟ್ಟಡದ ಮೂರನೇ ಮಾಳಿಗೆಯ ಪುತ್ತೂರಿನ ಗೆಳೆಯರೊಬ್ಬರು ಸ್ಪೀಕರ್ ಕೊಂಡರು. ಎರಡೂವರೆ ಚದರ ಮಿಲಿಮೀಟರಿನ ನೂರು ಮೀಟರ್ ಸುರುಳಿಯಿಂದ ಅವರಿಗೆ ಕತ್ತರಿಸಿ ಕೊಟ್ಟೆ. ಉಳಿದದ್ದನ್ನು ಮನೆಗೆ ತಂದು ಕಪಾಟಿನ ಮೇಲೆ ಎಸೆದೆ. ಎಸೆದೆ ಎಂಬುದೇ ವಿಷಯ: ಒಂದೇ ಕೈಯಲ್ಲಿ, ತಲೆಯ ಮೇಲಕ್ಕೆ. ಜೋಡಿ ಎಳೆಯ ಅಂಥ ಪೂರ್ತಿ ಸುರುಳಿಯಲ್ಲಿ ನಿಜವಾದ ತಾಮ್ರವಾದರೆ ಲೋಹವೇ ನಾಲ್ಕೂವರೆ ಕಿಲೋ ತೂಗಬೇಕು. ಹದಿನೈದು ವರ್ಷ ಸುರುಳಿ ಹೊತ್ತ ಹೆಗಲಿಗೆ ಆ ಲೆಕ್ಕ ಗೊತ್ತಿತ್ತು. ಇಳಿಸಿ, ಬ್ಲೇಡಿನಿಂದ ಒಂದು ಎಳೆ ಕೆರೆದೆ. ಹೊಂಬಣ್ಣ ಪುಡಿಯಾಗಿ ಉದುರಿತು, ಒಳಗೆ ಬೆಳ್ಳಗೆ ಮಿಂಚಿತು. ಲೈಟರಿನ ಉರಿಗೆ ಹಿಡಿದೆ. ತಾಮ್ರದ ಎಳೆ ಕೆಂಪಗಾಗುತ್ತದೆ, ನಿಲ್ಲುತ್ತದೆ. ಇದು ಬಾಡಿದ ಬಸಳೆಯಂತೆ ಬಾಗಿ ಬಿತ್ತು.

ಸಂಗೀತಕ್ಕೆ ಅದರಿಂದ ಅಷ್ಟೇನೂ ಕೇಡಾಗಿರಲಿಲ್ಲ, ನಿಜ ಹೇಳಬೇಕಲ್ಲ. ಎರಡೂವರೆ ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದಲ್ಲಿ ಐದು ಮೀಟರ್ ದೂರಕ್ಕೆ, ಹೋಗಿ ಬರುವ ಹತ್ತು ಮೀಟರಿನ ತಡೆ 0.07 ಓಮ್. ಸಿಸಿಎಯಲ್ಲಿ ಸುಮಾರು ಅದರ ಒಂದೂವರೆ ಪಟ್ಟು. ಸ್ಪೀಕರ್ ಎಂಟು ಓಮಿನದು. ಅದರ ಮುಂದೆ ಎರಡೂ ಪುಡಿಗಾಸು. ಹೊಟ್ಟೆಗೆ ಹತ್ತಿದ್ದು ಧ್ವನಿಯ ಚಿಂತೆಯಲ್ಲ, ತಾಮ್ರವೆಂದು ಹೇಳಿ ಕೊಟ್ಟ ಮಾತು. ಗೆಳೆಯರ ಮನೆಗೆ ಹೋಗಿ ಹೇಳಿದೆ. ಅವರು, "ಹಾಡು ಕೇಳಿಸುತ್ತದಲ್ಲ ಮಾರಾಯರೇ" ಅಂದರು. ವೈರು ಬದಲಿಸಿಯೇ ಬಂದೆ.

ಅವರ ಮನೆಯಲ್ಲೇ ಮುಂದೊಂದು ಶುಕ್ರವಾರ ಪರೀಕ್ಷೆ ನಡೆಯಿತು. ಬಂದವರಲ್ಲಿ ಒಬ್ಬರು 2,400 ದಿರ್ಹಮಿನ ಕೇಬಲ್ ಜೋಡಿ ಕೊಂಡಿದ್ದರು, ನಮ್ಮ ಅಂಗಡಿಯಿಂದಲ್ಲ. ನಾನು ಹೇಳಿದೆ, ಕಣ್ಣಿಗೆ ಬೀಳದ ಹಾಗೆ ಕೇಳೋಣ. ಆಂಪ್ಲಿಫೈಯರಿನ ಮುಂದೆ ಬೆಡ್‌ಶೀಟ್ ಕಟ್ಟಿ ಹಿಂದೆ ನಾನು ಕೂತೆ. ಅದೇ ನಾವಡರ ಪದ್ಯ, ಈಗ ಸಿಡಿಗೆ ಇಳಿಸಿದ್ದು. ಪ್ರತಿ ಸಲ ಪಿನ್ನುಗಳನ್ನು ಎಳೆದು ಸಿಕ್ಕಿಸುತ್ತಿದ್ದೆ. ಕೆಲವೊಮ್ಮೆ ಎಳೆದದ್ದನ್ನೇ ಮರಳಿ ಸಿಕ್ಕಿಸಿದೆ, ಸದ್ದು ಮಾತ್ರ ಒಂದೇ. ಎಂಟು ಸಲದಲ್ಲಿ ಕೇಬಲ್ಲಿನ ಯಜಮಾನರು ಸರಿ ಹೇಳಿದ್ದು ನಾಲ್ಕು ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ. ಅವರಿಗೆ ಬೇಸರವಾಯಿತು, ನನಗೂ ಗೆದ್ದ ಖುಷಿ ಬರಲಿಲ್ಲ. ಅಷ್ಟರಲ್ಲಿ ಮನೆಯೊಡತಿ ಬಿಸಿಲೆಂದು ದಪ್ಪ ಪರದೆ ಎಳೆದು, ಮಕ್ಕಳು ಕೂರಲೆಂದು ರಗ್ಗು ಹಾಸಿದರು. ಚಂಡೆಯ ಪೆಟ್ಟು ಮುಂಚೆ ಟೈಲ್ಸಿನ ಮೇಲೆ ಪಾತ್ರೆ ಬಿದ್ದಂತಿತ್ತು. ಈಗ ಚರ್ಮದ ಮೇಲೆ ಕೋಲು ಬಿದ್ದಂತಾಯಿತು. ಯಾರೂ ಕೇಳದೆಯೇ ಎಲ್ಲರೂ ತಲೆ ಎತ್ತಿದರು.

ಕೇಬಲ್ಲಿನ ಈ ಜಗಳ ನಮ್ಮ ಕೋಣೆಯೊಂದರದ್ದೇ ಅಲ್ಲ. ಅಮೆರಿಕದ ಜಾದೂಗಾರ ಜೇಮ್ಸ್ ರ್‍ಯಾಂಡಿ 2007ರಲ್ಲಿ, ಹನ್ನೆರಡು ಅಡಿಯ ಜೋಡಿಗೆ 7,250 ಡಾಲರ್ ಬೆಲೆಯ ಒಂದು ಕೇಬಲ್ಲನ್ನು ಸಾಧಾರಣ ಕೇಬಲ್ಲಿನಿಂದ ಕೇಳಿ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆಂದು ಸವಾಲು ಹಾಕಿದ್ದರು. ಆ ಪರೀಕ್ಷೆ ನಡೆಯಲೇ ಇಲ್ಲ.

ಹಾಗೆಂದು ವೈರಿಗೆ ಬೆಲೆಯೇ ಇಲ್ಲ ಎನ್ನುವವರ ಗುಂಪಿಗೂ ನಾನು ಸೇರಿದವನಲ್ಲ. ಅರ್ಧ ಚದರ ಮಿಲಿಮೀಟರಿನ ದಾರದಂಥ ವೈರನ್ನು ಹದಿನೈದು ಮೀಟರ್ ಎಳೆದರೆ ತಡೆ ಒಂದು ಓಮ್ ದಾಟುತ್ತದೆ, ಆಗ ಕಿವಿಗೆ ಗೊತ್ತಾಗುತ್ತದೆ. ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್ ಒಯ್ಯುವ ತಂತಿಗೆ ಒಳ್ಳೆಯ ಜಾಲರಿ ಹೊದಿಕೆ ಇಲ್ಲದಿದ್ದರೆ ಗುಂಯ್ ಎನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಕಡಲ ಗಾಳಿ. ಕುಂದಾಪುರದ ಮನೆಗೆ ನಾನು ಒಯ್ದ ಪಾರದರ್ಶಕ ವೈರು ಮೂರು ಮಳೆಗಾಲಕ್ಕೆ ಒಳಗೊಳಗೇ ಹಸಿರಾಯಿತು, ಹಳೆಯ ಕೊಪ್ಪರಿಗೆಯ ಕಿಲುಬಿನ ಹಾಗೆ. ತವರ ಲೇಪಿಸಿದ ತಾಮ್ರ ತಂದುಹಾಕಿದೆ, ಮೀನುಗಾರಿಕೆ ದೋಣಿಯವರು ಬಳಸುವ ಜಾತಿಯದು. ಚೆಂದವಿಲ್ಲ, ಬೆಳ್ಳಗೆ, ಬಡಕಲು. ಅದು ಇವತ್ತಿಗೂ ಹಾಗೇ ಇದೆ.

ದಂಧೆ ಮುಗಿದದ್ದು ಯಾರ ಸವಾಲಿನಿಂದಲೂ ಅಲ್ಲ. ಬ್ಲೂಟೂತ್ ಬಂತು, ಟಿವಿಯ ಕೆಳಗೆ ಇಡುವ ಸೌಂಡ್‌ಬಾರ್ ಬಂತು. ವೈರು ಬೇಡವಾದ ಮೇಲೆ ವೈರಿನ ಜಗಳ ಯಾರಿಗೆ ಬೇಕು? ಶೇಕಡಾ 5 ವ್ಯಾಟ್ ಶುರುವಾದ 2018ರಲ್ಲಿ ಸೇಟು ಗಾಜಿನ ಕಪಾಟು ಖಾಲಿ ಮಾಡಿ ಮೊಬೈಲ್ ಕವರು ತುಂಬಿಸಿದರು. ದುಬಾರಿ ಕೇಬಲ್ ಈಗಲೂ ಮಾರಾಟವಾಗುತ್ತದೆ, ಆದರೆ ಸೋಫಾ ಹಾಕಿದ, ಮೊದಲೇ ಹೇಳಿ ಹೋಗಬೇಕಾದ ಶೋರೂಮುಗಳಲ್ಲಿ. ನಮ್ಮಂಥ ಗಲ್ಲಿ ಅಂಗಡಿಯಲ್ಲಿ ಅಲ್ಲ. ಡಿಸ್ಕವರಿ ಗಾರ್ಡನ್ಸಿಗೆ 2021ರಲ್ಲಿ ಮೆಟ್ರೋ ಬಂತು. ಹುಡುಗರು ಎರಡೂ ಕಿವಿಗೆ ವೈರಿಲ್ಲದ ಗುಂಡಿ ಸಿಕ್ಕಿಸಿಕೊಂಡು ಹತ್ತುತ್ತಾರೆ. ನಾನೂ ಒಂದು ಜೊತೆ ಇಟ್ಟುಕೊಂಡಿದ್ದೇನೆ. ನಾವಡರ ಧ್ವನಿ ಅದರಲ್ಲೂ ಸೊಗಸೇ, ಚಂಡೆಗೆ ಮಾತ್ರ ಎದೆ ನಡುಗುವುದಿಲ್ಲ.

ಅಂಗಡಿ ಬಿಡುವಾಗ ಸೇಟು ಲೆಕ್ಕ ಚುಕ್ತಾ ಮಾಡಿ, ಏನಾದರೂ ಒಯ್ಯಿ ಎಂದರು. ನಿಜವಾದ ತಾಮ್ರದ ಒಂದು ಸುರುಳಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿಯೇ ತಂದೆ. ಇನ್ನೂ ನಲವತ್ತು ಮೀಟರಿನಷ್ಟು ಉಳಿದಿದೆ. ಈ ಕಡೆ ಇರುವ ಕನ್ನಡದವರು ಯಾರಾದರೂ ಸ್ಪೀಕರ್ ಹೂಡುವುದಿದ್ದರೆ ಕೊಳ್ಳಲು ಹೋಗಬೇಡಿ, ಬನ್ನಿ. ಗೋಡೆಯ ಮೂಲೆ ಸುತ್ತಿ ಎಷ್ಟು ಬೇಕೆಂದು ಮೊದಲೇ ಅಳೆದುಕೊಂಡು, ಮೇಲೆ ಒಂದು ಮೀಟರ್ ಸೇರಿಸಿ ಹೇಳಿ. ನಾನು ಜಗ್ಗದೆ ಅಳೆದು ಕೊಡುತ್ತೇನೆ.