ಮಸಿಗೈ

ನಮ್ಮ ತಂದೆಯವರು ಶಿವಾಜಿನಗರದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಹಳೆಯ ಎಂ.ಜಿ. ಸ್ಪೋರ್ಟ್ಸ್ ಕಾರಿನ ಸದ್ದು ಕೇಳಿಯೇ ಅದರ ರೋಗ ಹೇಳಬಲ್ಲರು. ಆದರೂ ಅವರ ಮಸಿಗೈಗಳನ್ನು ಗೆಳೆಯರ ಕಣ್ಣಿಂದ ಮರೆಸಲು ನಾನು ಯತ್ನಿಸಿದ್ದುಂಟು.

ಕಳೆದ ವರ್ಷ ಇಬ್ಬರೂ ಕೆ.ಆರ್.ಪುರದಲ್ಲಿ ರೈಲು ಹತ್ತಿ, ಶ್ರೀಪೆರಂಬುದೂರಿನ ಬಳಿಯ ಪಥದಲ್ಲಿ ಕಾರೋಟ ನೋಡಲು ಹೊರಟೆವು. ದಾರಿಯಲ್ಲಿ ನನ್ನ ಪಾಂಡಿತ್ಯವೆಲ್ಲ ಹೊರಬಿತ್ತು: ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆಗಳ ಓಟ ಮೊದಲು ನಡೆದದ್ದು 1923ರಲ್ಲಿ, ಈಗ ಒಂದು ಕಾರನ್ನು ಮೂವರು ಸರದಿಯಂತೆ ಓಡಿಸುತ್ತಾರೆ, 2012ರಲ್ಲಿ ಅಲ್ಲಿ ಓಡಿಸಿದ ಚೆನ್ನೈನ ಕರುಣ್ ಚಂದೋಕ್ ಮೊದಲ ಭಾರತೀಯ.

ಎಲ್ಲ ಕೇಳಿ ಅಪ್ಪ, "ರಾತ್ರಿಯೆಲ್ಲ ಎಚ್ಚರವಿದ್ದು ಗಾಡಿ ರಿಪೇರಿ ಮಾಡಿದವರ ಹೆಸರೇನಪ್ಪ?" ಎಂದರು. ನನಗೆ ಗೊತ್ತಿರಲಿಲ್ಲ.

ಕಾಲೇಜು ದಿನಾಚರಣೆಗೆ ಅವರನ್ನು ಕರೆದಿದ್ದೇನೆ. ಮುಂದಿನ ಸಾಲಿನಲ್ಲೇ ಕೂರಿಸುವೆ.